ಅರ್ಧ ಪೆನ್ನಿಯ ಪುಸ್ತಕಕ್ಕೆ ಲ್ಯಾಮಿನೇಷನ್ ಬೇಕೇ?

ಪ್ರಶ್ನೆ: ನಮ್ಮಜ್ಜ ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದ ದೊರೆ ಇಂಗ್ಲೆಂಡಿಗೆ ವಾಪಸ್ ಹೋಗುವಾಗ ಅಜ್ಜನಿಗೆ ಒಂದು ಪೆಟ್ಟಿಗೆ ಪುಸ್ತಕ ಕೊಟ್ಟು ಹೋದರಂತೆ. ಅದರಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಪುಸ್ತಕ ಸಿಕ್ಕಿದೆ. 16 ಪುಟ. ಹಕ್ಕಿಗಳ ಚಿತ್ರ, ಪ್ರತಿ ಚಿತ್ರದ ಕೆಳಗೆ ಚಿಕ್ಕ ಪದ್ಯ. ಮೊದಲ ಪುಟದಲ್ಲಿ ಆಲ್ನ್‌ವಿಕ್, ಡಬ್ಲ್ಯು. ಡೇವಿಸನ್, ಬೆಲೆ ಅರ್ಧ ಪೆನ್ನಿ ಎಂದಿದೆ. ಇಸವಿ ಇಲ್ಲ. ಪರಿಚಯದವರೊಬ್ಬರು ಇವು ಬ್ಯೂಯಿಕ್ ಕೆತ್ತಿದ ಚಿತ್ರ, ಲಕ್ಷಗಟ್ಟಲೆ ಬೆಲೆ ಅಂದರು. ಇನ್ನೊಬ್ಬರು ಇಸವಿ ಇಲ್ಲದ್ದು ನಕಲಿ ಅಂದರು. ಇದರಲ್ಲಿರುವ ಒಂದು ಹಕ್ಕಿಯ ಚಿತ್ರವೇ ಬೇರೆ ಊರಿನ ಪುಸ್ತಕವೊಂದರಲ್ಲೂ ಇರುವುದನ್ನು ನಾನೇ ನೋಡಿದೆ. ಎರಡು ಪುಟ ಹರಿದಿವೆ, ಒಂದಕ್ಕೆ ತಮ್ಮ ಸೆಲ್ಲೋಟೇಪ್ ಹಚ್ಚಿದ್ದಾನೆ. ಬೈಂಡಿಂಗ್ ಅಂಗಡಿಯವರು ಲ್ಯಾಮಿನೇಷನ್ ಮಾಡಿ ರೆಕ್ಸಿನ್ ಬೈಂಡ್ ಹಾಕಿಕೊಡ್ತೀವಿ ಅಂತಾರೆ. ಕೊನೆಯ ಪುಟದಲ್ಲಿ ಯಾವುದೋ ಮಗು ಪೆನ್ಸಿಲಿನಲ್ಲಿ ಗೀಚಿದೆ, ಅದನ್ನು ಅಳಿಸಬಹುದೇ? ಮಾರುವುದೋ ಇಟ್ಟುಕೊಳ್ಳುವುದೋ ಗೊತ್ತಾಗುತ್ತಿಲ್ಲ.

ಉತ್ತರ: ಮೊದಲು ಒಂದು ಮಾತು. ಬೈಂಡಿಂಗ್ ಅಂಗಡಿಗೆ ಕೊಡಬೇಡಿ. ಕೊಟ್ಟಿದ್ದರೆ ಇವತ್ತೇ ಹೋಗಿ ವಾಪಸ್ ತನ್ನಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಮೂರು ಆತಂಕ. ಇದು ಅಸಲಿಯೋ ನಕಲಿಯೋ, ಇದಕ್ಕೆ ಬೆಲೆ ಎಷ್ಟು, ನಾನೇ ಕೈಯಾರೆ ಹಾಳು ಮಾಡಿಬಿಡುತ್ತೇನಾ ಅನ್ನುವುದು. ನಿಜವಾದ ಅಪಾಯ ಇರುವುದು ಮೂರನೆಯದರಲ್ಲಿ. ಮೊದಲಿನ ಎರಡರ ಬಗ್ಗೆ ನಿಮಗೆ ಜನ ಹೇಳಿರುವುದರಲ್ಲಿ ಹೆಚ್ಚಿನದು ತಪ್ಪು.

ಆಲ್ನ್‌ವಿಕ್ ಅಂತ ಬರೆದರೂ ಅಲ್ಲಿನ ಜನ ಊರನ್ನು ಕರೆಯುವುದು ‘ಆನಿಕ್’ ಅಂತ. ಇಂಗ್ಲೆಂಡಿನ ಉತ್ತರ ತುದಿಯ ನಾರ್ಥಂಬರ್‌ಲೆಂಡಿನಲ್ಲಿದೆ, ಸ್ಕಾಟ್ಲೆಂಡಿನ ಗಡಿಗೆ ಹತ್ತಿರ. ದೊಡ್ಡ ಕೋಟೆ ಇರುವ ಸಂತೆಪೇಟೆ. ವಿಲಿಯಂ ಡೇವಿಸನ್ (1781–1858) ಅಲ್ಲಿ ಔಷಧಿ ಅಂಗಡಿ ಇಟ್ಟಿದ್ದವರು. ಔಷಧಿ ಅಂಗಡಿಯವರಿಗೆ ಮುದ್ರಣ ಯಾಕೆ ಅನ್ನಿಸಬಹುದು. ಆ ಕಾಲದ ಇಂಗ್ಲೆಂಡಿನ ಸಣ್ಣ ಊರುಗಳಲ್ಲಿ ಈ ಎರಡು ವ್ಯಾಪಾರ ಒಂದೇ ಕಟ್ಟೆಯ ಮೇಲೆ ನಡೀತಿದ್ದವು. ಪುಸ್ತಕದಂಗಡಿಯಲ್ಲಿ ಸಿದ್ಧ ಔಷಧಿಯ ಬಾಟಲಿ ಸಿಗುತ್ತಿತ್ತು. ಬಾಟಲಿಗೆ ಚೀಟಿ ಬೇಕು, ಚೀಟಿಗೆ ಪ್ರೆಸ್ ಬೇಕು. ಪ್ರೆಸ್ ಬಂದ ಮೇಲೆ ಹರಾಜಿನ ನೋಟೀಸು, ಹಾಡಿನ ಹಾಳೆ, ಮಕ್ಕಳ ಪುಸ್ತಕ ಎಲ್ಲವೂ ಬರುತ್ತವೆ.

ಡೇವಿಸನ್ ಜಾನ್ ಕ್ಯಾಟ್ನಾಕ್ ಎಂಬ ಸ್ಕಾಟ್ಲೆಂಡಿನ ಮುದ್ರಕನ ಜೊತೆ ಸ್ವಲ್ಪ ಕಾಲ ಪಾಲುದಾರರಾಗಿದ್ದರು. 1808ರಲ್ಲಿ ಇಬ್ಬರೂ ಸೇರಿ ರಾಬರ್ಟ್ ಬರ್ನ್ಸ್ ಕವಿಯ ಪದ್ಯಗಳನ್ನು ಎರಡು ಸಂಪುಟದಲ್ಲಿ ತಂದರು. ಆಮೇಲೆ ಕ್ಯಾಟ್ನಾಕ್ ಊರು ಬಿಟ್ಟರು. ಅವರ ಮಗ ಜೇಮ್ಸ್ ಕ್ಯಾಟ್ನಾಕ್ ಮುಂದೆ ಲಂಡನ್ನಿನ ಸೆವೆನ್ ಡಯಲ್ಸ್‌ನಲ್ಲಿ ಬೀದಿ ಹಾಡಿನ ಹಾಳೆಗಳಿಗೆ ಹೆಸರಾದವರು. ಡೇವಿಸನ್ ಮಾತ್ರ ಆನಿಕ್ ಬಿಡಲಿಲ್ಲ. ಸಾಯುವ ತನಕ ಔಷಧಿಯನ್ನೂ ಮಾರಿದರು, ಪುಸ್ತಕವನ್ನೂ ಮುದ್ರಿಸಿದರು. ನಿಮ್ಮ ಕೈಯಲ್ಲಿರುವುದು ಆ ಅಂಗಡಿಯ ಕಟ್ಟೆಯ ಮೇಲೆ ಜೋಡಿಸಿಟ್ಟಿದ್ದ ಪುಸ್ತಕ.

ಈಗ ಇಸವಿಯ ವಿಷಯ. ಇಂಥ ಪುಸ್ತಕಗಳಲ್ಲಿ ಇಸವಿ ಇರುವುದೇ ಅಪರೂಪ. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮಾರುವ ನಮ್ಮ ಮಗ್ಗಿ ಪುಸ್ತಕ ನೆನಪಿಸಿಕೊಳ್ಳಿ. ಅದರ ಮೇಲೆ ಇಸವಿ ಹುಡುಕಿದ್ದೀರಾ? ವರ್ಷಗಟ್ಟಲೆ ಮಾರಬೇಕಾದ ಸರಕು ಅದು. ಇಸವಿ ಹಾಕಿದರೆ ಮುಂದಿನ ವರ್ಷಕ್ಕೆ ಹಳಸಲು ಅನ್ನಿಸುತ್ತದೆ. ಡೇವಿಸನ್ ಮಾಡಿದ್ದೂ ಅದನ್ನೇ. ಯಾರ್ಕ್ ಊರಿನ ಜೇಮ್ಸ್ ಕೆಂಡ್ರ್ಯೂ, ಬ್ಯಾನ್‌ಬರಿಯ ಜೆ. ಜಿ. ರಶರ್ ಇವರ ಮಕ್ಕಳ ಪುಸ್ತಕಗಳೂ ಹೀಗೆಯೇ.

ಇಸವಿ ಇಲ್ಲದ ಪುಸ್ತಕದಲ್ಲಿ ಮುದ್ರಕನ ಹೆಸರು ಮಾತ್ರ ಯಾಕೆ ಇದೆ ಅಂದರೆ, ಅದಕ್ಕೆ ಕಾನೂನು ಕಾರಣ. ಫ್ರಾನ್ಸಿನ ಕ್ರಾಂತಿಯ ಗಾಳಿ ತಮ್ಮ ಕಡೆಗೂ ಬೀಸುತ್ತದೆ ಅನ್ನುವ ಭಯ ಇಂಗ್ಲೆಂಡಿನ ಸರ್ಕಾರಕ್ಕಿತ್ತು. 1799ರಲ್ಲಿ ಒಂದು ಕಾಯ್ದೆ ಬಂತು. ಪ್ರತಿ ಪ್ರೆಸ್ಸನ್ನೂ ನೋಂದಾಯಿಸಬೇಕು, ಮುದ್ರಿಸಿದ್ದರ ಮೇಲೆ ಮುದ್ರಕನ ಹೆಸರು, ಊರು ಇರಲೇಬೇಕು. ತಪ್ಪಿದರೆ ಪ್ರತಿಯೊಂದಕ್ಕೆ 20 ಪೌಂಡ್ ದಂಡ. ಆಗ ಒಂದು ಪೌಂಡಿಗೆ 240 ಪೆನ್ನಿ. ಅಂದರೆ ಅರ್ಧ ಪೆನ್ನಿಯ ಒಂದು ಪುಸ್ತಕದಲ್ಲಿ ಹೆಸರು ಬಿಟ್ಟುಹೋದರೆ, ಅಂಥ 9,600 ಪುಸ್ತಕ ಮಾರಿದ ದುಡ್ಡು ದಂಡಕ್ಕೆ ಹೋಗುತ್ತದೆ. ಮೊದಲ ಪುಟದ ಆ ಚಿಕ್ಕ ಸಾಲು ಅಲಂಕಾರಕ್ಕೆ ಹಾಕಿದ್ದಲ್ಲ. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಬೆಲೆಬಾಳುವ ಸಾಲು ಅದೇ. ಚಿತ್ರ ಊರೂರು ತಿರುಗುತ್ತದೆ, ಪದ್ಯ ಬಾಯಿಂದ ಬಾಯಿಗೆ ಹೋಗುತ್ತದೆ. ಇದು ಎಲ್ಲಿ, ಯಾರ ಅಂಗಡಿಯಲ್ಲಿ ಹುಟ್ಟಿತು ಅಂತ ಹೇಳುವುದು ಆ ಸಾಲೊಂದೇ.

ಡೇವಿಸನ್ ಒಬ್ಬರ ಹೆಸರೇ ಇರುವುದರಿಂದ ನಿಮ್ಮದು ಪಾಲುದಾರಿಕೆ ಮುಗಿದ ಮೇಲಿನದು, 1858ಕ್ಕೆ ಮುಂಚಿನದು. ಗ್ರಂಥಾಲಯಗಳಲ್ಲಿ ಇಂಥವಕ್ಕೆ ‘ಸುಮಾರು 1820’ ಅಂತ ಬರೆದಿಡುವುದು ವಾಡಿಕೆ. ಇನ್ನೂ ಹತ್ತಿರ ಹೋಗಬೇಕಾದರೆ ಕಾಗದ ನೋಡಬೇಕು. ಕಿಟಕಿಯ ಬೆಳಕಿಗೆ ಒಂದು ಪುಟ ಹಿಡಿಯಿರಿ. ನೀರ್ಗುರುತಿನ (ವಾಟರ್‌ಮಾರ್ಕ್) ತುಂಡು, ಅದರಲ್ಲಿ ಇಸವಿಯ ಒಂದೆರಡು ಅಂಕಿ ಕಂಡರೆ ನಿಮ್ಮ ಅದೃಷ್ಟ. 1790ರ ದಶಕದಿಂದ ಕಾಗದ ಮಾಡುವವರು ತೆರಿಗೆಯ ಕಾರಣಕ್ಕೆ ನೀರ್ಗುರುತಿನಲ್ಲಿ ಇಸವಿ ಹಾಕುವ ಅಭ್ಯಾಸ ಬೆಳೆಸಿಕೊಂಡಿದ್ದರು. ಕಾಗದದ ವರ್ಷ ಮುದ್ರಣದ ವರ್ಷವಲ್ಲ, ಆದರೆ ಅದಕ್ಕಿಂತ ಹಿಂದಕ್ಕೆ ಮುದ್ರಣ ಹೋಗಲು ಸಾಧ್ಯವಿಲ್ಲ ಅಲ್ವಾ? ಅಷ್ಟು ಸಿಕ್ಕರೂ ದೊಡ್ಡದು.

ನಕಲಿ ಇರಬಹುದೇ? ಅಂಥ ಅಗ್ಗದ ಪುಸ್ತಕಕ್ಕೆ ಮೋಸದ ನಕಲಿ ಮಾಡುವವರು ಕಡಿಮೆ. ಆದರೆ ಹಳೆಯ ಮಕ್ಕಳ ಪುಸ್ತಕಗಳನ್ನು ಫೋಟೋ ತೆಗೆದು ಮರುಮುದ್ರಣ ಮಾಡಿದ್ದುಂಟು, ಅದನ್ನು ಅಸಲಿ ಅಂದುಕೊಂಡವರನ್ನು ನಾನು ನೋಡಿದ್ದೇನೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ರಾತ್ರಿ ಕೋಣೆಯ ದೀಪ ಆರಿಸಿ, ಪುಸ್ತಕವನ್ನು ಮೇಜಿನ ಮೇಲೆ ತೆರೆದಿಡಿ. ಮೊಬೈಲಿನ ಟಾರ್ಚನ್ನು ಮೇಲಿಂದ ಬಿಡಬೇಡಿ, ಮೇಜಿಗೆ ತಾಗಿಸಿ ಪಕ್ಕದಿಂದ ಬಿಡಿ. ಅಚ್ಚುಮೊಳೆ ಕಾಗದವನ್ನು ಒತ್ತಿದ ಗುಂಡಿ ನೆರಳಾಗಿ ಕಾಣುತ್ತದೆ. ಪುಟದ ಹಿಂದೆ ಅದೇ ಅಕ್ಷರ ಸಣ್ಣಗೆ ಉಬ್ಬಿರುತ್ತದೆ. ಫೋಟೋ ಮರುಮುದ್ರಣದಲ್ಲಿ ಹಾಳೆ ಸಪಾಟಾಗಿರುತ್ತದೆ. ಕಣ್ಣಿಗೆ ಕಾಣುವ ಮೊದಲೇ ಕೆಲವರಿಗೆ ಬೆರಳ ತುದಿಗೆ ಗೊತ್ತಾಗುತ್ತದೆ, ಆದರೆ ಬೆರಳಿನಿಂದ ಸವರುವ ಅಭ್ಯಾಸ ಮಾಡಿಕೊಳ್ಳಬೇಡಿ.

ಇನ್ನು ಬ್ಯೂಯಿಕ್. ಈ ಹೆಸರು ನನ್ನ ಮುಂದೆ ಬಂದಷ್ಟು ಸಲ ಬೇರೆ ಯಾವ ಹೆಸರೂ ಬಂದಿಲ್ಲ. ಇಂಗ್ಲೆಂಡಿನ ಉತ್ತರದ ಊರೊಂದರ ಗ್ರಂಥಾಲಯದಲ್ಲಿ ಕೆಲವು ವರ್ಷ ಇಂಥ ಚಿಕ್ಕ ಪುಸ್ತಕಗಳ ಪಟ್ಟಿ ಮಾಡುವ ಕೆಲಸ ನನ್ನದಾಗಿತ್ತು. ಚಿತ್ರವಿರುವ ಪುಸ್ತಕ ತಂದವರೆಲ್ಲ ಕೇಳುತ್ತಿದ್ದ ಮೊದಲ ಮಾತೇ ‘ಇದು ಬ್ಯೂಯಿಕ್ ಅಲ್ಲವೇ?’. ಥಾಮಸ್ ಬ್ಯೂಯಿಕ್ (1753–1828) ಆನಿಕ್‌ನ ದಕ್ಷಿಣಕ್ಕಿರುವ ನ್ಯೂಕ್ಯಾಸಲ್ ಪಟ್ಟಣದಲ್ಲಿ ಕೆಲಸ ಮಾಡಿದ ಕೆತ್ತನೆಗಾರ. ಅಡ್ಡಕ್ಕೆ ಕೊಯ್ದ ಬಾಕ್ಸ್‌ವುಡ್ ಮರದ ಮುಖದ ಮೇಲೆ, ಲೋಹ ಕೆತ್ತುವ ಚೂಪು ಉಳಿಯಿಂದ ಅವರು ಕೆತ್ತುತ್ತಿದ್ದರು. ಮರ ಅಷ್ಟು ಗಟ್ಟಿ ಇದ್ದುದರಿಂದ ಕೂದಲೆಳೆಯಂಥ ಗೆರೆ ತೆಗೆಯಲು ಆಗುತ್ತಿತ್ತು. ಬ್ರಿಟನ್ನಿನ ಹಕ್ಕಿಗಳ ಬಗ್ಗೆ ಅವರು ತಂದ ಎರಡು ಸಂಪುಟ, 1797 ಮತ್ತು 1804ರವು, ಎಷ್ಟು ಹೆಸರು ಮಾಡಿದವೆಂದರೆ ಆಮೇಲೆ ಹಕ್ಕಿ ಬಿಡಿಸಿದವರೆಲ್ಲ ಅದನ್ನೇ ಮುಂದಿಟ್ಟುಕೊಂಡರು.

ಡೇವಿಸನ್‌ಗೂ ಬ್ಯೂಯಿಕ್‌ಗೂ ಸಂಬಂಧ ಇದ್ದದ್ದು ನಿಜ. ನಾನು ಮೇಲೆ ಹೇಳಿದ 1808ರ ಬರ್ನ್ಸ್ ಪುಸ್ತಕ ಬ್ಯೂಯಿಕ್ ಹೆಸರಿನ ಚಿತ್ರಗಳಿಗೇ ಪ್ರಸಿದ್ಧ. ಆದರೆ ಬ್ಯೂಯಿಕ್ ಅಂದರೆ ಒಬ್ಬರೇ ಕೂತು ಕೆತ್ತಿದ್ದು ಅಂತಲ್ಲ. ಅವರದು ಶಿಷ್ಯರಿದ್ದ ಕಾರ್ಖಾನೆ. ಲೂಕ್ ಕ್ಲೆನೆಲ್, ಚಾರ್ಲ್‌ಟನ್ ನೆಸ್ಬಿಟ್, ವಿಲಿಯಂ ಹಾರ್ವಿ ಇವರೆಲ್ಲ ಅಲ್ಲಿ ಕಲಿತವರು. ಅವರಾಚೆಗೆ, ಎಂದೂ ಆ ಕಾರ್ಖಾನೆಯ ಮೆಟ್ಟಿಲು ಹತ್ತದೆ ಚಿತ್ರ ನೋಡಿ ನಕಲು ಮಾಡಿದವರು ಲೆಕ್ಕವಿಲ್ಲದಷ್ಟು. ಅರ್ಧ ಪೆನ್ನಿಯ ಪುಸ್ತಕದಲ್ಲಿರುವುದು ಹೆಚ್ಚಾಗಿ ಈ ಮೂರನೆಯವರ ಕೆಲಸ.

ಇದನ್ನು ಪತ್ತೆ ಹಚ್ಚಲು ಒಂದು ಸುಲಭದ ಉಪಾಯವಿದೆ. ಬ್ಯೂಯಿಕ್‌ರ ಹಕ್ಕಿ ಚಿತ್ರಗಳು ಈಗ ಎಲ್ಲಿ ಬೇಕಾದರೂ ನೋಡಲು ಸಿಗುತ್ತವೆ. ನಿಮ್ಮ ಪುಸ್ತಕದ ಹಕ್ಕಿಗೆ ಹೋಲುವ ಚಿತ್ರ ಹುಡುಕಿ ಪಕ್ಕಪಕ್ಕ ಇಡಿ. ಅವರ ಹಕ್ಕಿ ಎಡಕ್ಕೆ ಮುಖ ಮಾಡಿದ್ದು ನಿಮ್ಮದು ಬಲಕ್ಕೆ ಮಾಡಿದ್ದರೆ ಅದು ನಕಲು ಇರುವ ಸಾಧ್ಯತೆ ಬಹಳ. ಯಾಕೆಂದರೆ ನಕಲು ಮಾಡುವವನು ಚಿತ್ರವನ್ನು ನೋಡಿದ ಹಾಗೇ ಮರದ ಮೇಲೆ ಕೆತ್ತುತ್ತಾನೆ. ಮುದ್ರಿಸಿದಾಗ ಅದು ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಕೊಂಬೆ, ಎಲೆ, ಹಿಂದಿನ ಹುಲ್ಲು ಎಲ್ಲವೂ ತಿರುಗಿರುತ್ತವೆ. ನಾನು ಪಟ್ಟಿ ಮಾಡುತ್ತಿದ್ದ ದಿನಗಳಲ್ಲಿ ಮೇಜಿನ ಮೇಲೆ ಒಂದು ಪುಟ್ಟ ಕನ್ನಡಿ ಸದಾ ಇರುತ್ತಿತ್ತು.

ಹಾಗಾದರೆ ನೀವು ನೋಡಿದ ಇನ್ನೊಂದು ಊರಿನ ಪುಸ್ತಕ? ಅದಕ್ಕೆ ಉತ್ತರ ಡೇವಿಸನ್‌ರ ವ್ಯಾಪಾರದಲ್ಲೇ ಇದೆ, ಅವರ ಬಗ್ಗೆ ನನಗೆ ಬಹಳ ಇಷ್ಟವಾದ ಸಂಗತಿಯೂ ಇದೇ. ಅವರು ಮರದ ಅಚ್ಚನ್ನು ಇಟ್ಟುಕೊಂಡು ಅದರ ಪಡಿಯಚ್ಚು ತೆಗೆದು ಅದಕ್ಕೆ ಸೀಸ, ತವರ, ಆಂಟಿಮನಿ ಬೆರೆತ ಲೋಹ ಎರೆಯುತ್ತಿದ್ದರು. ಅಚ್ಚುಮೊಳೆ ಮಾಡುವುದಕ್ಕೆ ಬಳಸುವ ಅದೇ ಲೋಹ. ಹಾಗೆ ಬಂದ ಲೋಹದ ಪಟ್ಟಿಯನ್ನು ಮರದ ತುಂಡಿನ ಮೇಲೆ ಕೂರಿಸಿದರೆ ಅಚ್ಚು ತಯಾರು. ಒಂದು ಮರದ ಅಚ್ಚಿನಿಂದ ಎಷ್ಟು ಬೇಕಾದರೂ ಲೋಹದ ಅಚ್ಚು. ಇವನ್ನು ಬೇರೆ ಮುದ್ರಕರಿಗೆ ಮಾರಲು ಅವರು ಚಿತ್ರ, ಸಂಖ್ಯೆ, ಬೆಲೆ ಹಾಕಿದ ಒಂದು ನಮೂನೆ ಪುಸ್ತಕವನ್ನೇ ಮುದ್ರಿಸಿದ್ದರು. ಹಡಗು, ಕುದುರೆ, ಹಕ್ಕಿ, ಏನು ಬೇಕೋ ಅದನ್ನು ದೂರದ ಊರಿನ ಮುದ್ರಕ ಆರಿಸಿ ತರಿಸಿಕೊಳ್ಳಬಹುದಿತ್ತು. ಹಾಗಾಗಿ ಒಂದೇ ಹಕ್ಕಿ ಎರಡು ಊರಿನ ಪುಸ್ತಕದಲ್ಲಿ ಕೂತಿದ್ದರೆ ಕಳ್ಳತನ ಅಂದುಕೊಳ್ಳಬೇಡಿ. ದುಡ್ಡು ಕೊಟ್ಟು ಕೊಂಡದ್ದಿರಬಹುದು.

ನಿಮ್ಮ ಪುಸ್ತಕದ ಚಿತ್ರ ಮರದ್ದೋ ಲೋಹದ್ದೋ ಅಂತ ನೋಡಬೇಕಾ? ಭೂತಗನ್ನಡಿ ಹಿಡಿದು ಚಿತ್ರದ ಮೂಲೆಗಳನ್ನು ನೋಡಿ. ಗೆರೆಗಳಿಗೆ ಸಂಬಂಧವೇ ಇಲ್ಲದ ಒಂದು ದುಂಡು ಕಪ್ಪು ಚುಕ್ಕೆ ಕೆಲವೊಮ್ಮೆ ಕಾಣುತ್ತದೆ. ಲೋಹದ ಪಟ್ಟಿಯನ್ನು ಮರಕ್ಕೆ ಹೊಡೆದ ಮೊಳೆಯ ತಲೆ ಅದು. ಅದು ಸ್ವಲ್ಪ ಮೇಲೆದ್ದು ಮಸಿ ಹಿಡಿದು ಕಾಗದಕ್ಕೆ ತಾಗಿದೆ. ಮೊದಲ ಸಲ ನಾನು ಅದನ್ನು ನೋಡಿದ್ದು ಒಂದು ಕುದುರೆಯ ಬಾಲದ ಹತ್ತಿರ. ಮಸಿಯ ಕಲೆ ಅಂದುಕೊಂಡು ಪುಟ ಮಗುಚಿದೆ. ಅದೇ ಪುಸ್ತಕದ ಇನ್ನೊಂದು ಪ್ರತಿಯಲ್ಲಿ ಅದೇ ಜಾಗದಲ್ಲಿ ಅದೇ ಚುಕ್ಕೆ ಇತ್ತು. ಇನ್ನೂರು ವರ್ಷದ ಹಿಂದೆ ಸುತ್ತಿಗೆ ಹಿಡಿದ ಒಂದು ಕೈ ಅಲ್ಲೇ ಕೂತಿದ್ದಂತೆ ಅನ್ನಿಸಿತು. ಮರದ ಅಚ್ಚಾದರೆ ಬೇರೆ ಗುರುತು. ಮರ ಬಿರಿದರೆ ಚಿತ್ರದ ಮಧ್ಯೆ ಸಣ್ಣ ಬಿಳಿ ಗೆರೆ ಹಾಯುತ್ತದೆ, ಹುಳ ತಿಂದಿದ್ದರೆ ದುಂಡು ಬಿಳಿ ಚುಕ್ಕೆ. ಒಂದು ಎಚ್ಚರಿಕೆ: ಬಿರಿದ ಮರದಿಂದ ತೆಗೆದ ಲೋಹದ ಅಚ್ಚಿನಲ್ಲೂ ಆ ಬಿರುಕು ಹಾಗೇ ಬಂದಿರುತ್ತದೆ. ಒಂದೇ ಗುರುತಿನ ಮೇಲೆ ತೀರ್ಪು ಕೊಡಬೇಡಿ.

ಹಳ್ಳಿಕಡೆಯ ಮುದ್ರಕರೆಂದರೆ ಎರಡನೇ ದರ್ಜೆ, ಲಂಡನ್ನಿನದೇ ಪುಸ್ತಕ ಅನ್ನುವ ಭಾವನೆ ಸಂಗ್ರಾಹಕರಲ್ಲೂ ಇದೆ. ನನಗದು ಒಪ್ಪಿಗೆಯಿಲ್ಲ. ಡರ್ಬಿ ಊರಿನ ಪ್ರೆಸ್ಸಿನಲ್ಲಿ ಕೆಲಸ ಕಲಿತ ವಿಲಿಯಂ ವಾರ್ಡ್ ಎಂಬ ಮುದ್ರಕ 1799ರಲ್ಲಿ ಬಂಗಾಳಕ್ಕೆ ಬಂದು ಸೆರಾಂಪುರದ ಮಿಷನ್ ಪ್ರೆಸ್ ನಡೆಸಿದ. ಮಿಷನರಿ ವಿಲಿಯಂ ಕ್ಯಾರಿಯ ಕನ್ನಡ ವ್ಯಾಕರಣ 1817ರಲ್ಲಿ ಹೊರಬಂದದ್ದು ಆ ಪ್ರೆಸ್ಸಿನಿಂದಲೇ. ಕನ್ನಡ ಅಕ್ಷರ ಅಚ್ಚಿಗೆ ಬಂದ ಮೊದಲ ದಿನಗಳ ಹಿಂದೆ ಡೇವಿಸನ್‌ರಂಥದೇ ಊರಿನಲ್ಲಿ ಪಳಗಿದ ಕೈ ಇತ್ತು.

ಬೆಲೆಯ ಮಾತು ಬೇಗ ಮುಗಿಸುತ್ತೇನೆ. ಲಕ್ಷಗಳ ಆಸೆ ಬಿಡಿ. ಹರಿದ, ಟೇಪು ಹಚ್ಚಿದ ಒಂದು ಬಿಡಿ ಪುಸ್ತಕಕ್ಕೆ ಸಿಗುವುದು ಸಾವಿರಗಳ ಲೆಕ್ಕದಲ್ಲಿ. ಹೊರದೇಶದ ಹರಾಜಿಗೆ ಕಳಿಸುವ ಯೋಚನೆಯಿದ್ದರೆ ಇನ್ನೊಂದು ತೊಡಕಿದೆ. ನಮ್ಮ 1972ರ ಪುರಾವಸ್ತು ಕಾಯ್ದೆ ಹಳೆಯ ವಸ್ತುಗಳು ದೇಶದಿಂದ ಹೊರಹೋಗುವುದನ್ನು ತಡೆಯುತ್ತದೆ. ಎಲ್ಲ ಹಳೆಯ ಪುಸ್ತಕವೂ ಅದರ ವ್ಯಾಪ್ತಿಗೆ ಬರುತ್ತದೆ ಅಂತಲ್ಲ. ಆದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳದೆ ಅಂಚೆಗೆ ಹಾಕಬೇಡಿ. ಕಷ್ಟವೂ ಖರ್ಚೂ ಸೇರಿದರೆ ಮಾರಾಟದಲ್ಲಿ ಲಾಭ ಉಳಿಯುವುದು ಅನುಮಾನ. ನನ್ನನ್ನು ಕೇಳಿದರೆ ಇಟ್ಟುಕೊಳ್ಳಿ.

ಈಗ ಬೈಂಡಿಂಗ್ ಅಂಗಡಿಗೆ ಯಾಕೆ ಬೇಡ ಅಂದೆ ಅನ್ನುವುದು. ಅವರು ಕೆಟ್ಟವರಲ್ಲ, ಅವರ ಕೆಲಸ ಬೇರೆ. ಲೆಡ್ಜರು, ಪಠ್ಯಪುಸ್ತಕ ಗಟ್ಟಿ ಮಾಡುವುದು ಅವರ ಕಸುಬು. ನಿಮ್ಮ ಪುಸ್ತಕ ಒಂದೇ ಹಾಳೆ, ಮಡಚಿ 16 ಪುಟ ಮಾಡಿದ್ದು. ಮಧ್ಯೆ ಒಂದು ದಾರದ ಹೊಲಿಗೆ ಇರಬಹುದು. ರೆಕ್ಸಿನ್ ಹಾಕಬೇಕಾದರೆ ಅವರು ಅಂಚನ್ನು ಕಟಿಂಗ್ ಮಷೀನಿಗೆ ಕೊಡುತ್ತಾರೆ. ಇಷ್ಟು ಚಿಕ್ಕ ಪುಟದಲ್ಲಿ ಎರಡು ಮಿಲಿಮೀಟರ್ ಹೋದರೂ ಪದ್ಯದ ಕೊನೆಯ ಸಾಲು ಹೋಯಿತು. ಅಂಟಿನಲ್ಲಿ ಹುಳ ಬಾರದಿರಲಿ ಅಂತ ಮೈಲುತುತ್ತ ಹಾಕುವ ರೂಢಿಯೂ ಇದೆ. ತಾಮ್ರದ ಅಂಶ ಹಳೆಯ ಕಾಗದವನ್ನು ಒಳಗಿಂದ ಕೊರೆಯುತ್ತದೆ.

ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು. ಬಿಸಿ ಮಾಡಿ ಪ್ಲಾಸ್ಟಿಕ್ಕನ್ನು ಕಾಗದದ ನಾರಿಗೆ ಕರಗಿಸಿ ಅಂಟಿಸುವ ಕೆಲಸ ಅದು. ಹಾಕಿದ್ದನ್ನು ತೆಗೆಯಲು ಆಗುವುದಿಲ್ಲ. ಒಬ್ಬರು ಅಪ್ಪನ ನೆನಪಿಗೆ ಅಂತ ಅಕ್ಕರೆಯಿಂದ ಲ್ಯಾಮಿನೇಟ್ ಮಾಡಿಸಿದ ಹಾಡಿನ ಹಾಳೆಯನ್ನು ನನ್ನ ಹತ್ತಿರ ತಂದಿದ್ದರು. ಬಿಸಿಗೆ ಹಾಳೆ ಕಂದಿತ್ತು, ಒತ್ತಿದ ಗುಂಡಿಗಳೆಲ್ಲ ಸಪಾಟಾಗಿದ್ದವು. ಅವರಿಗೆ ಏನೂ ಮಾಡಲಾಗದು ಅಂತ ಹೇಳಬೇಕಾಯಿತು. ಆ ಮಾತು ಇನ್ನೊಬ್ಬರಿಗೆ ಹೇಳುವುದು ನನಗೆ ಬೇಡ.

ಸಮಾಧಾನದ ಸಂಗತಿ ಅಂದರೆ ನಿಮ್ಮ ಪುಸ್ತಕದ ಕಾಗದ ನಿಮ್ಮ ಶಾಲೆಯ ಪುಸ್ತಕದ ಕಾಗದಕ್ಕಿಂತ ಗಟ್ಟಿ. ಆ ಕಾಲದಲ್ಲಿ ಕಾಗದ ಮಾಡುತ್ತಿದ್ದದ್ದು ಹಳೆಯ ಬಟ್ಟೆಯಿಂದ. ಮರದ ತಿರುಳಿನ ಕಾಗದ ಅಲ್ಲಿ ಹರಡಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಮುಟ್ಟಿದರೆ ಪುಡಿಯಾಗುವ ಕಂದು ಪುಸ್ತಕಗಳು ಆಮೇಲಿನವು. ಸುಮ್ನೆ ಬಿಟ್ಟರೆ ನಿಮ್ಮದು ಇನ್ನೂ ನೂರು ವರ್ಷ ಇರುತ್ತದೆ.

ಟೇಪ್ ಮಾತ್ರ ತೊಂದರೆಯೇ. ಅದರ ಅಂಟು ಕಾಲ ಕಳೆದಂತೆ ಹಳದಿಯಾಗಿ, ಎಣ್ಣೆಯಂತೆ ಕಾಗದಕ್ಕೆ ಇಳಿದು ಕಂದು ಕಲೆ ಉಳಿಸುತ್ತದೆ. ಹಾಗಂತ ನೀವೇ ಕೀಳಲು ಹೋಗಬೇಡಿ, ಅಕ್ಷರವೂ ಕಿತ್ತು ಬರುತ್ತದೆ. ಹೇರ್ ಡ್ರೈಯರ್, ಪೆಟ್ರೋಲ್, ಸ್ಪಿರಿಟ್ ಯಾವುದೂ ಬೇಡ. ಕಾಗದ ಸಂರಕ್ಷಣೆ ಕಲಿತವರು ಟೇಪನ್ನು ತೆಗೆದು, ಹರಿದ ಕಡೆ ತೆಳುವಾದ ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಕೂರಿಸುತ್ತಾರೆ. ಬೇಕಾದಾಗ ತೇವ ಮಾಡಿ ಬಿಡಿಸಬಹುದಾದ ಅಂಟು ಅದು. ಇದರಲ್ಲೂ ಅಪಾಯ ಇಲ್ಲದಿಲ್ಲ. ಅಂಟು ಕರಗಿಸುವ ದ್ರವ ಕಲೆಯನ್ನು ಅಗಲ ಮಾಡಬಹುದು. ಖರ್ಚು ಪುಸ್ತಕದ ಬೆಲೆಗಿಂತ ಜಾಸ್ತಿ ಆಗಬಹುದು. ಟೇಪ್ ಹೊಸದಾದರೆ ಬೇಗ ತೋರಿಸಿ, ತಡವಾದಷ್ಟೂ ಕಷ್ಟ. ಟೇಪಿಲ್ಲದ ಇನ್ನೊಂದು ಹರಿದ ಪುಟಕ್ಕೆ ಅವಸರವೇ ಇಲ್ಲ.

ಇಡುವ ಜಾಗದ ಬಗ್ಗೆ ಮಾತ್ರ ನಿಮ್ಮ ಊರಿನ ಮಳೆ ನೆನಪಿಟ್ಟು ಹೇಳಬೇಕು. ಮಲೆನಾಡಿನ ಜೂನ್, ಜುಲೈನಲ್ಲಿ ಗಾಳಿಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಸೀರೆ ಕವರಿನಂಥ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಒಳಗೆ ಬೆವರುತ್ತದೆ. ಆಮ್ಲವಿಲ್ಲದ ಕಾಗದದ ಮಡಿಕೆಯಲ್ಲಿ ಇಟ್ಟು, ಒಂದು ಗಟ್ಟಿ ರಟ್ಟಿನ ಪೆಟ್ಟಿಗೆಗೆ ಹಾಕಿ, ಹೊರಗಿನ ಗೋಡೆಗೆ ತಾಗದ ಬೀರುವಿನ ಮೇಲಿನ ಅರೆಯಲ್ಲಿ ಇಡಿ. ಮಳೆಗಾಲದಲ್ಲಿ ಬೀರುವಿನೊಳಗೆ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಿ. ನುಸಿ ಗುಳಿಗೆ, ಬೇವಿನ ಎಲೆ ಪುಟಗಳ ಮಧ್ಯೆ ಬೇಡ, ಎಲೆ ಕಲೆ ಬಿಡುತ್ತದೆ. ಮಳೆ ನಿಂತ ಮೇಲೆ ಒಮ್ಮೆ ತೆಗೆದು ನೋಡಿ. ಬಿಸಿಲಿಗೆ ಹಾಕಬೇಡಿ, ನೆರಳಿನಲ್ಲಿ ಗಾಳಿಯಾಡಲಿ.

ಎಲ್ಲ ಪುಟದ ಫೋಟೋ ತೆಗೆದಿಡಿ, ಖಾಲಿ ಪುಟವನ್ನೂ ಬಿಡದೆ. ಪುಸ್ತಕವನ್ನು ಪೂರ್ತಿ ಬಿಚ್ಚಿ ಒತ್ತಬೇಡಿ, ಅರ್ಧ ತೆರೆದರೆ ಸಾಕು. ಮನೆಯವರಿಗೆ ತೋರಿಸುವಾಗ ಫೋಟೋ ತೋರಿಸಿ. ಬೇಕೆನಿಸಿದರೆ ಆ ಫೋಟೋಗಳನ್ನು ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕಳಿಸಿ ಕೇಳಬಹುದು. ಆ ಕಡೆಯ ಇಂಥ ಚಿಕ್ಕ ಪುಸ್ತಕಗಳ ದೊಡ್ಡ ಸಂಗ್ರಹ ಅಲ್ಲಿದೆ.

ಕೊನೆಗೆ ಆ ಪೆನ್ಸಿಲ್ ಗೀಚು. ದಯವಿಟ್ಟು ಅಳಿಸಬೇಡಿ. ಇಂಥ ಪುಸ್ತಕಗಳು ಇಷ್ಟು ಕಡಿಮೆ ಉಳಿದಿರುವುದೇ ಮಕ್ಕಳು ಓದಿ, ಹರಿದು, ಎಸೆದದ್ದರಿಂದ. ಉಳಿದವುಗಳಲ್ಲಿ ಎಷ್ಟೋ ಯಾವ ಮಗುವಿನ ಕೈಗೂ ಹೋಗದೆ ಅಂಗಡಿಯಲ್ಲೇ ಕೊಳೆತ ಸರಕು, ಅದಕ್ಕೇ ಅವು ಹೊಸದರಂತಿವೆ. ನಿಮ್ಮದನ್ನು ಒಂದು ಮಗು ಓದಿದೆ. ಗೀಚಿನಲ್ಲಿ ಹೆಸರಿದೆಯಾ ಅಂತ ಅದೇ ಟಾರ್ಚನ್ನು ಪಕ್ಕದಿಂದ ಬಿಟ್ಟು ನೋಡಿ, ಮಾಸಿದ ಪೆನ್ಸಿಲ್ ಗೆರೆಯೂ ಒತ್ತಿದ ಗುರುತಿನಿಂದ ಕಾಣುತ್ತದೆ. ಆಮೇಲೆ ಒಂದು ಬೇರೆ ಹಾಳೆಯಲ್ಲಿ, ಪೆನ್ನಲ್ಲ, ಪೆನ್ಸಿಲಿನಲ್ಲೇ, ನಿಮ್ಮಜ್ಜನ ಹೆಸರು, ತೋಟದ ಹೆಸರು, ದೊರೆ ಹೋದ ವರ್ಷ, ಮನೆಯ ಹಿರಿಯರಿಗೆ ನೆನಪಿರುವುದೆಲ್ಲ ಬರೆದು ಅದೇ ಪೆಟ್ಟಿಗೆಯಲ್ಲಿಡಿ. ಅವರನ್ನು ಈ ವಾರವೇ ಕೇಳಿ.